ಕದ್ದವನ ಲೆಕ್ಕವಿದೆ, ಕಳೆದುಕೊಂಡವನ ಲೆಕ್ಕ ಎಲ್ಲಿ?



ಪೇಟೆಯಲ್ಲಿ ಅಂಗಡಿ ಒಡೆದರೆ, ದಾರಿಯಲ್ಲಿ ಯಾರನ್ನಾದರೂ ಹೊಡೆದು ದೋಚಿದರೆ ನಾವೆಲ್ಲ ಕೇಳುವುದು ಒಂದೇ ಮಾತು: ‘ಕಳ್ಳ ಸಿಕ್ಕನೇ?’ ಪೆಟ್ಟು ತಿಂದವನ ದವಾಖಾನೆಯ ಖರ್ಚು ಯಾರು ಕೊಟ್ಟರು, ದುಡಿಯುವವನು ಸತ್ತ ಮನೆಯ ಒಲೆ ಹೇಗೆ ಉರಿಯುತ್ತಿದೆ ಎಂದು ಕೇಳುವವರು ಕಡಿಮೆ. ಕಾಯ್ದೆಯೂ ಬಹುಕಾಲ ಹೀಗೆಯೇ ಇತ್ತು. ಖಟ್ಲೆ ಸರಕಾರಕ್ಕೂ ಆರೋಪಿಗೂ ನಡುವೆ; ನೊಂದವನು ಬರೀ ಸಾಕ್ಷಿದಾರ.

ಈಗ ಹಾಗಿಲ್ಲ. 2008ರ ತಿದ್ದುಪಡಿಯಿಂದ ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಕಲಮು ಸೇರಿ, 2009ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ನೊಂದವರ ಪರಿಹಾರಕ್ಕೆ ಪ್ರತಿ ರಾಜ್ಯವೂ ಯೋಜನೆ ಮಾಡಬೇಕೆಂದಾಯಿತು. 2024ರ ಜುಲೈ 1ರಿಂದ ಅದೇ ಏರ್ಪಾಟು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಕಲಮಿನಲ್ಲಿದೆ. ಇದಕ್ಕಾಗಿ ರಾಜಧಾನಿಗೆ ಅಲೆಯಬೇಕಿಲ್ಲ. ನಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರವೇ ಅರ್ಜಿ ವಿಚಾರಿಸುತ್ತದೆ. ಅಪರಾಧಿಯ ಪತ್ತೆಯಾಗದೆ ಖಟ್ಲೆಯೇ ನಡೆಯದಿದ್ದರೂ ನೊಂದವರು ಅಥವಾ ಅವರನ್ನು ನಂಬಿದವರು ಅರ್ಜಿ ಕೊಡಬಹುದು. ಎರಡು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು. ಆಸಿಡ್ ದಾಳಿಗೆ, ಅತ್ಯಾಚಾರಕ್ಕೆ ಗುರಿಯಾದವರಿಗೆ ಸರಕಾರಿ, ನಗರಸಭೆಯ, ಖಾಸಗಿ ಆಸ್ಪತ್ರೆಗಳೆಲ್ಲವೂ ಕೂಡಲೇ ಪುಕ್ಕಟೆ ಚಿಕಿತ್ಸೆ ಕೊಡಬೇಕೆಂದು 397ನೆಯ ಕಲಮು ಹೇಳುತ್ತದೆ.

ಗಡಿನಾಡಿನ ನಮಗೆ ಇನ್ನೊಂದು ತೊಡಕುಂಟು. ಅಕ್ಕಲಕೋಟೆಯ ವ್ಯಾಪಾರಿಯನ್ನು ಆಳಂದದ ದಾರಿಯಲ್ಲಿ ದೋಚಿದರೆ, ‘ಇದು ನಮ್ಮ ಹದ್ದಲ್ಲ’ ಎಂಬ ಉತ್ತರ ಎರಡೂ ಕಡೆ ಸಿಗುವ ಭಯ. ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದೆಂದು 173ನೆಯ ಕಲಮು ಸ್ಪಷ್ಟವಾಗಿ ಹೇಳಿದೆ. ಅದರ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಠಾಣೆಯವರು ಬರೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠರಿಗೆ ಅಂಚೆಯಲ್ಲಿ ಕಳಿಸಬಹುದು. ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ನಮಗೆ ತಿಳಿಸುವುದೂ ಅವರ ಕರ್ತವ್ಯ.

ಒಂದು ಮಾತು ನೆನಪಿರಲಿ. ಪರಿಹಾರ ಯೋಜನೆ ಮುಖ್ಯವಾಗಿ ಜೀವಕ್ಕೆ, ದೇಹಕ್ಕೆ ಆದ ಹಾನಿಗೆ. ಕಳುವಾದ ಮಾಲಿನ ಬೆಲೆ ತುಂಬಿಕೊಡಲು ಅಲ್ಲ. ಆದರೆ ಸಿಕ್ಕ ಮಾಲು ವರ್ಷಗಟ್ಟಲೆ ಠಾಣೆಯಲ್ಲಿ ಕೊಳೆಯಬೇಕಾಗಿಲ್ಲ. ಕೋರ್ಟಿಗೆ ಹಾಜರಾದ ಮಾಲಿನ ಪಟ್ಟಿಯನ್ನು 14 ದಿನಗಳಲ್ಲಿ ಮಾಡಿ, ಫೋಟೋ ತೆಗೆಸಿ, ನಂತರದ 30 ದಿನಗಳಲ್ಲಿ ಅದರ ವಿಲೇವಾರಿಗೆ ಆಜ್ಞೆ ಮಾಡಬೇಕೆಂದು 497ನೆಯ ಕಲಮು ಹೇಳುತ್ತದೆ. ಆದುದರಿಂದ ರಸೀದಿ, ಕಿರ್ದಿ, ಸ್ಟಾಕು ಪುಸ್ತಕ ಸರಿಯಾಗಿಟ್ಟವನಿಗೆ ತನ್ನ ಮಾಲು ತನ್ನದೆಂದು ತೋರಿಸುವುದು ಸುಲಭ.

ನಮ್ಮಲ್ಲಿ ಕೆಲವರು ‘ಠಾಣೆಯ ಮೆಟ್ಟಿಲು ಹತ್ತಿದರೆ ಮರ್ಯಾದೆ ಹೋಗುತ್ತದೆ, ಸರಕಾರದ ಮುಂದೆ ಕೈ ಚಾಚುವುದೇ?’ ಎನ್ನುತ್ತಾರೆ. ಮರ್ಯಾದೆ ಹೋಗಬೇಕಾದದ್ದು ಹೊಡೆದವನದು, ಹೊಡೆಸಿಕೊಂಡವನದಲ್ಲ. ಬರಬೇಕಾದ ಬಾಕಿ ಕೇಳುವುದನ್ನು ಯಾವ ವ್ಯಾಪಾರಿಯೂ ಭಿಕ್ಷೆ ಎನ್ನುವುದಿಲ್ಲ. ಕ್ಷಮಿಸುವುದು ನಮ್ಮ ಮನಸ್ಸಿಗೆ ಬಿಟ್ಟದ್ದು; ಆದರೆ ಅನಾಥವಾದ ಮಕ್ಕಳ ಪಾಲನ್ನು ಬಿಟ್ಟುಕೊಡಲು ನಾವು ಯಾರು?

ಹಕ್ಕು ಕಾಗದದಲ್ಲಿದ್ದರೆ ಸಾಲದು, ಊರಿಗೆ ಗೊತ್ತಿರಬೇಕು. ಕಾನೂನು ಸೇವಾ ಪ್ರಾಧಿಕಾರದ ವಿಳಾಸವನ್ನು ನಗರಸಭೆ, ಗ್ರಾಮ ಪಂಚಾಯತಿ, ಆಸ್ಪತ್ರೆಗಳ ಗೋಡೆಯ ಮೇಲೆ ಕನ್ನಡದಲ್ಲಿಯೂ ಬರೆಸುವಂತೆ ನಮ್ಮ ವ್ಯಾಪಾರಿ ಸಂಘಗಳು ಒತ್ತಾಯಿಸಲಿ. ಯಾರಿಗಾದರೂ ಇಂಥ ಆಪತ್ತು ಬಂದಾಗ ಕಾಗದಪತ್ರ ತಿಳಿದ ಇಬ್ಬರು ಜೊತೆಗೆ ಹೋಗಲಿ. ನೊಂದವನಿಗೆ ಮೊದಲು ಬೇಕಾದದ್ದು ಜೊತೆಗೆ ಬರುವವರು, ಹಣ ಆಮೇಲೆ.