ನೀರಿಗೂ ಕಿರ್ದಿ ಬೇಕು

1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದ ರೈತರು ಒಂದು ಕಿರ್ದಿ ತೆರೆದರು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಹುಟ್ಟಿದ ಕೃಷಿ ಪತ್ತಿನ ಸಹಕಾರಿ ಸಂಘ ದೇಶದ ಮೊದಮೊದಲಿನವುಗಳಲ್ಲೊಂದು. ಸಾಲ ಯಾರದು, ಜಾಮೀನು ಯಾರು, ಬಾಕಿ ಎಷ್ಟು ಎಂಬುದು ನಾಲ್ಕು ಜನರಿಗೆ ಗೊತ್ತಿರುವುದೇ ಇಂಥ ಸಂಘಗಳ ಬಲ. ದುಡ್ಡಿನ ವಿಷಯದಲ್ಲಿ ಅಷ್ಟು ಹಿಂದೆಯೇ ಕೂಡಿ ಕೂತ ಈ ಸೀಮೆ, ನೀರಿನ ವಿಷಯಕ್ಕೆ ಬಂದಾಗ ಇನ್ನೂ ಒಬ್ಬೊಬ್ಬನೇ ಬೋರು ಕೊರೆಸುತ್ತಿದೆ. ಪಕ್ಕದ ಹೊಲದವನು 300 ಅಡಿಗೆ ಇಳಿದರೆ ಇವನು 500 ಅಡಿಗೆ.

ಗದಗ ಜಿಲ್ಲೆ ಎರಡು ನದಿಗಳ ನಡುವಿನ ದಿಣ್ಣೆ. ಉತ್ತರಕ್ಕೆ ಇಳಿದ ಮಳೆ ಬೆಣ್ಣೆಹಳ್ಳ, ಮಲಪ್ರಭೆಯ ದಾರಿ ಹಿಡಿಯುತ್ತದೆ. ದಕ್ಷಿಣಕ್ಕೆ ಇಳಿದದ್ದು ತುಂಗಭದ್ರೆಗೆ. ಕೊನೆಗೆ ಎರಡೂ ಸೇರುವುದು ಕೃಷ್ಣೆಯನ್ನೇ. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಕಡಿಮೆ ಎನಿಸಬಹುದು. ಆದರೆ ಅಷ್ಟು ಮಳೆ ಬಿದ್ದ ವರ್ಷ ಒಂದು ಎಕರೆ ಹೊಲದ ಮೇಲೆ ಸುರಿಯುವ ನೀರು ಸುಮಾರು 24 ಲಕ್ಷ ಲೀಟರ್; 5,000 ಲೀಟರಿನ ಟ್ಯಾಂಕರಾದರೆ 480 ಟ್ಯಾಂಕರ್! ಅದರಲ್ಲಿ ಮಣ್ಣಿಗಿಳಿದದ್ದೆಷ್ಟು, ಎರೆ ಮಣ್ಣನ್ನೂ ಹೊತ್ತು ಹಳ್ಳ ಸೇರಿದ್ದೆಷ್ಟು ಎಂದು ಎಷ್ಟು ಊರುಗಳು ಬರೆದಿಟ್ಟಿವೆ?

ಊರವರನ್ನು ಕೇಳದೆ ನೀರಾಳಿದರೆ ಏನಾಗುತ್ತದೆಂಬುದನ್ನು ಈ ಜಿಲ್ಲೆಗೆ ಹೊರಗಿನವರು ಹೇಳಬೇಕಿಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂತು, ಕಾಲುವೆ ಬಂತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬರುವ ಮೊದಲೇ ಅಭಿವೃದ್ಧಿ ಕರದ ನೋಟಿಸು ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು, ಗೋಲಿಬಾರ್ ನಡೆದು ಜೀವಗಳು ಹೋದವು. ಅಂದು ರೈತ ಕೇಳಿದ್ದು ಪುಕ್ಕಟೆ ನೀರನ್ನಲ್ಲ, ಬಾರದ ನೀರಿಗೆ ಕರ ಯಾಕೆ ಎಂಬ ನೇರ ಲೆಕ್ಕವನ್ನು.

ಹಾಗಂತ ಊರಿಗೆ ನೀರಾಳುವುದು ಗೊತ್ತಿರಲಿಲ್ಲವೇ? ಎರೆ ಸೀಮೆಯ ಬಾವಿಗಳಲ್ಲಿ ಸವಳು ನೀರು, ಬಾಯಿಗೆ ಹಾಕಲಾಗದು. ಅದಕ್ಕೇ ಊರೂರಿಗೆ ಕುಡಿಯುವ ನೀರಿನ ಕೆರೆ. ಅದಕ್ಕೆ ದನ ಇಳಿಸಬಾರದು, ಬಟ್ಟೆ ಒಗೆಯಬಾರದು, ಚಪ್ಪಲಿ ಕಾಲಲ್ಲಿ ದಂಡೆ ಇಳಿಯಬಾರದು. ಕಾಯ್ದೆ ಪುಸ್ತಕದಲ್ಲಿ ಇದೆಲ್ಲ ಇರಲಿಲ್ಲ, ಮೀರಿದವನಿಗೆ ಹಿರಿಯರು ದಂಡ ಹಾಕುತ್ತಿದ್ದರು. (ಎಲ್ಲರಿಗೂ ಒಂದೇ ಮೆಟ್ಟಿಲು ಇರಲಿಲ್ಲ, ಜಾತಿ ನೋಡಿಯೇ ಕೊಡ ತುಂಬಿಸುತ್ತಿದ್ದ ಕಾಲ ಅದು. ಹಳೆಯದನ್ನು ಹೊಗಳುವವರು ಇದನ್ನು ಮರೆಯಬಾರದು.) ಪೈಪಿನ ನೀರು ಬಂದ ಮೇಲೆ ಕೆರೆ ಅನಾಥವಾಯಿತು. ನಳ ನಿಂತ ದಿನ ಮತ್ತೆ ಅದೇ ಕೆರೆ ನೆನಪಾಗುತ್ತದೆ.

ಸಂಘಗಳ ಹೆಸರಿಗೇನೂ ಕೊರತೆಯಿಲ್ಲ. 2000ದಲ್ಲಿ ನೀರಾವರಿ ಕಾಯ್ದೆ ತಿದ್ದಿ ನೀರು ಬಳಕೆದಾರರ ಸಂಘಗಳಿಗೆ ದಾರಿ ಮಾಡಿದರು. 2002ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಜಲ ಸಂವರ್ಧನೆ ಯೋಜನೆ ಬಂದು ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಯೋಜನೆಯ ದುಡ್ಡು ಇರುವಷ್ಟು ದಿನ ಸಭೆ, ಆಮೇಲೆ ಬೋರ್ಡು ಮಾತ್ರ: ಇದು ಹಲವು ಊರುಗಳ ಕಥೆ. ಹೂಳೆತ್ತುವ ಹೊಣೆ ಕೊಟ್ಟು, ನೀರು ಹಂಚುವ ಅಧಿಕಾರವನ್ನು ಇಲಾಖೆ ತನ್ನಲ್ಲೇ ಇಟ್ಟುಕೊಂಡರೆ ಯಾವ ಸಂಘ ಉಳಿದೀತು?

ಮಹಾರಾಷ್ಟ್ರದ ಹಿವರೆ ಬಜಾರ್‌ಗೆ ಗದಗಿಗಿಂತಲೂ ಕಡಿಮೆ ಮಳೆ. ಅಲ್ಲಿ ಮಳೆಗಾಲ ಮುಗಿದ ಮೇಲೆ ಬಾವಿಗಳ ನೀರಳೆಯುತ್ತಾರೆ, ಯಾವ ಬೆಳೆ ಎಷ್ಟು ಎಂದು ಗ್ರಾಮಸಭೆ ತೀರ್ಮಾನಿಸುತ್ತದೆ. ಹೊಲಕ್ಕೆ ಬೋರು ಕೊರೆಯುವಂತಿಲ್ಲ. ಕಬ್ಬು, ಬಾಳೆ ಇಲ್ಲ. ರಾಜಸ್ಥಾನದ ಅರವರಿ ನದಿಯ ಊರುಗಳು 1990ರ ದಶಕದ ಕೊನೆಗೆ ತಮ್ಮದೇ ನದಿ ಸಂಸತ್ತು ಕಟ್ಟಿಕೊಂಡವು. ಈ ಎರಡನೆಯದೇ ಹೆಚ್ಚು ಮುಖ್ಯ. ಹಳ್ಳಕ್ಕೆ ಪಂಚಾಯ್ತಿಯ ಗಡಿ ಗೊತ್ತಿಲ್ಲ. ಮೇಲಿನ ಊರು ಒಡ್ಡು ಹಾಕಿದರೆ ಕೆಳಗಿನ ಊರಿನ ಬಾವಿಗೆ ಸೆಲೆ ಬರುತ್ತದೆ. ಮೇಲಿನವರೇ ಎಲ್ಲ ಎತ್ತಿಕೊಂಡರೆ ಕೆಳಗಿನವರಿಗೆ ಕಲ್ಲು ಮರಳು.

ಆದ್ದರಿಂದ ಒಂದೇ ಹಳ್ಳದ ದಂಡೆಯ ಪಂಚಾಯ್ತಿಗಳು ವರ್ಷಕ್ಕೆ ಎರಡು ಸಲ ಒಟ್ಟಿಗೆ ಕೂತು ನೀರಿನ ಲೆಕ್ಕ ನೋಡಬೇಕು: ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರಿ ಬಿತ್ತನೆಗೆ ಮುನ್ನ ಒಮ್ಮೆ. ಕೊಡ ಹೊರುವ ಹೆಣ್ಣುಮಕ್ಕಳು, ಹೊಲವಿಲ್ಲದ ಕೂಲಿಕಾರರು, ಕುರಿ ಕಾಯುವವರು ಆ ಸಭೆಯಲ್ಲಿ ಇರಲೇಬೇಕು, ಬೋರಿನ ಮಾಲೀಕರು ಮಾತ್ರ ಸಾಲದು. ಕಾನೂನಿನ ಅಡ್ಡಿಯಿಲ್ಲ: ಸಣ್ಣ ನೀರಾವರಿ, ಜಲಾನಯನ ಎರಡೂ ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆ ಒಪ್ಪಿಸಬಹುದಾದ ವಿಷಯಗಳೇ. ಕಾಲುವೆಯ ಕೊನೆಗೆ ನೀರು ಮುಟ್ಟಿಸುವ ಸರಕಾರದ ಹೊಣೆ ಇದರಿಂದ ಕಳೆಯುವುದಿಲ್ಲ. ಲೆಕ್ಕ ಕೈಯಲ್ಲಿದ್ದರೆ ಆ ನೀರನ್ನು ಕೇಳುವ ದನಿ ಗಟ್ಟಿಯಾಗುತ್ತದೆ, ಅಷ್ಟೇ.

ಮುಂದಿನ ಗ್ರಾಮಸಭೆಗೆ ಹೋಗುವವರು ಮೂರು ಮಾತು ಕೇಳಲಿ: ಈ ವರ್ಷ ಬಿದ್ದ ಮಳೆ ಎಷ್ಟು? ಊರಲ್ಲಿ ನಿಂತದ್ದೆಷ್ಟು? ಎತ್ತಿದ್ದೆಷ್ಟು? ಉತ್ತರ ಕಿರ್ದಿಗೆ ಏರುವವರೆಗೆ ಯಾರೂ ಎದ್ದು ಹೋಗಬೇಡಿ.