ಪಂದ್ಯವಿಲ್ಲದ ಓಟ

1986ರಲ್ಲಿ ಜಪಾನಿನ ಸೆಗಾ ಸಂಸ್ಥೆಯವರು ಹೊರತಂದ ‘ಔಟ್ ರನ್’ ಎಂಬ, ನಾಣ್ಯ ಹಾಕಿ ಕಾರೋಡಿಸುವ ವಿಡಿಯೋ ಆಟವು ಇಂದಿಗೂ ಜನರ ಮನಸ್ಸನ್ನು ಸೆಳೆಯುತ್ತಲಿದೆ. ಇದಕ್ಕೆ ಕಾರಣವೇನು? ಯೂ ಸುಜುಕಿಯವರು ಇದನ್ನು ಪಂದ್ಯವನ್ನಾಗಿ ಅಲ್ಲ, ವಿಹಾರವನ್ನಾಗಿ ರಚಿಸಿದುದೇ ಕಾರಣವೆಂದು ನಾವು ಭಾವಿಸುತ್ತೇವೆ.

ಇಲ್ಲಿ ಸೋಲಿಸಬೇಕಾದ ಎದುರಾಳಿಯೇ ಇಲ್ಲ, ಸ್ಪರ್ಧೆಯೆಲ್ಲವೂ ಗಡಿಯಾರದೊಡನೆ. ಹೊರಡುವ ಮುನ್ನ ಮೂರು ವಾದ್ಯಸಂಗೀತಗಳಲ್ಲಿ ಮೆಚ್ಚಿದುದನ್ನು ಆರಿಸಿಕೊಳ್ಳಬಹುದು. ಹಂತವೊಂದು ಮುಗಿಯುತ್ತಲೇ ದಾರಿಯು ಎರಡಾಗಿ ಕವಲೊಡೆಯುತ್ತದೆ. ಒಟ್ಟು 15 ಹಂತಗಳಿದ್ದರೂ ಒಂದು ಪಯಣದಲ್ಲಿ ಕಾಣಸಿಗುವುವು 5 ಮಾತ್ರ. ತಲಪಬಹುದಾದ ಕೊನೆಗಳೂ 5. ಆದುದರಿಂದ, ಬಿಟ್ಟುಬಂದ ದಾರಿಯು ಆಡಿದವರನ್ನು ಮತ್ತೆ ಕರೆಯುತ್ತಲೇ ಇರುತ್ತದೆ. ಕಾರು ಮಗುಚಿದರೂ ಆಟವು ಮುಗಿಯದು, ನಷ್ಟವಾಗುವುದು ಸಮಯವೊಂದೇ.

ಇಂತಹ ವಿನೋದಗಳು ಬರಿಯ ಕಾಲಹರಣವೆಂದು ಹಿರಿಯರು ಹೇಳುವುದುಂಟು. ಮಿತಿಮೀರಿದರೆ ಆ ಮಾತು ನಿಜವೇ ಸರಿ. ಆದರೆ ಸೋದರಿಯರೇ, ಅಂಕಕ್ಕೂ ಬಹುಮಾನಕ್ಕೂ ಒಬ್ಬರನ್ನೊಬ್ಬರು ಹಿಂದೆ ಹಾಕುವ ಆತುರವು ಶಾಲೆಗಳನ್ನೂ ಹೊಕ್ಕಿರುವಾಗ, ಯಾರನ್ನೂ ಸೋಲಿಸದೆ ಸಂತೋಷಪಡಬಹುದೆಂದು ತೋರಿಸುವ ಆಟವು ನಿಂದ್ಯವಲ್ಲ. ನಮ್ಮ ಆಟದ ಬಯಲಿನಲ್ಲಿಯೂ ಗೆಲವುಸೋಲುಗಳನ್ನು ಎಣಿಸದ ಆಟಗಳಿಗೆ ಎಡೆಯಿರಬೇಕೆಂಬುದೇ ನಮ್ಮ ಅಭಿಪ್ರಾಯ.