ಗಣಕಯಂತ್ರವು ಅಕ್ಷರವನ್ನು ಬಲ್ಲದು, ಆಳನ್ನು ಅರಿಯದು



ಕಳೆದ ಹಿಂಗಾರಿಯಲ್ಲಿ ಬಿಳಿಜೋಳಕ್ಕೆ ಎಡೆ ಹೊಡೆಯುವ ದಿನಗಳು. ಸಾಲೆ ಬಿಟ್ಟ ಮೇಲೆ ನಾನು ಹೊಲದ ಕಡೆಗೆ ಹೋಗಿದ್ದೆ. ಮಗ್ಗುಲ ಹೊಲದ ಹಿರಿಯರೊಬ್ಬರು ಬದುವಿನ ಮೇಲೆ ಬಂದು ಕುಳಿತು, “ಮಾಸ್ತರ, ನಾ ಒಬ್ಬನೋ ಮೂರು ಮಂದಿಯೋ ಸ್ವಲ್ಪ ನೋಡಿ ಹೇಳ್ರಿ” ಎಂದು ಒಂದು ಕೈಚೀಲವನ್ನು ನನ್ನ ಮುಂದಿಟ್ಟರು. ಅದರಲ್ಲಿ ಆಧಾರ ಚೀಟಿ, ಬ್ಯಾಂಕಿನ ಪಾಸಬುಕ್ಕು, ಹೊಲದ ಸಾತಬಾರಾ ಉತಾರ ಇದ್ದವು. ಪ್ರಧಾನಮಂತ್ರಿ ಕಿಸಾನ್ ಸಮ್ಮಾನ ನಿಧಿಯ ಎರಡು ಹಪ್ತೆಗಳು ಅವರಿಗೆ ಮುಟ್ಟಿರಲಿಲ್ಲ. ಮೂರು ಸಲ ದಗದ ಬಿಟ್ಟು ತಾಲೂಕಿನ ಊರಿಗೆ ಹೋಗಿ ಬಂದಿದ್ದರು. ಪ್ರತಿ ಸಲವೂ ಸಿಕ್ಕ ಉತ್ತರ ಒಂದೇ: “ಕಂಪ್ಯೂಟರು ತಗೊಳ್ಳುವುದಿಲ್ಲ.”

ಅವರ ನಿಜ ಹೆಸರು ಬೇಡ, ಕಲ್ಲಪ್ಪನೆಂದು ಇಟ್ಟುಕೊಳ್ಳೋಣ. ಆಧಾರ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಕಲ್ಲಪ್ಪನಿಗೆ ಎರಡು ‘ಎಲ್’ ಇದ್ದವು. ಪಾಸಬುಕ್ಕಿನಲ್ಲಿ ಒಂದೇ ‘ಎಲ್’, ಅಡ್ಡಹೆಸರು ಮುಂದಕ್ಕೆ, ತಂದೆಯ ಹೆಸರಿಗೆ ಬರೀ ಮೊದಲಕ್ಷರ. ಉತಾರದ ಮರಾಠಿಯಲ್ಲಿ ‘ಕಲ್ಲಾಪ್ಪಾ’. ಊರಿನವರೆಲ್ಲರಿಗೂ ಅವರು ಒಬ್ಬರೇ; ಕಾಗದದ ಮೇಲೆ ಮೂವರು. ಗಣಕಯಂತ್ರಕ್ಕೆ ಕಾಗದದ ಮೇಲಿನವರು ಮಾತ್ರ ಕಾಣುತ್ತಾರೆ.

ಇದು ಒಬ್ಬರ ಗೋಳಲ್ಲ. ಅಕ್ಕಲಕೋಟೆ, ಜತ್ತ ಭಾಗದಲ್ಲಿ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಬ್ಯಾಂಕಿನಲ್ಲಿ ಇಂಗ್ಲಿಷು ಎಂದು ಬಾಳುವ ನಮ್ಮೆಲ್ಲರ ಚೀಲದಲ್ಲಿಯೂ ಇಂಥ ಕಾಗದಗಳುಂಟು. ಆದುದರಿಂದ ಯಂತ್ರವು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಒಕ್ಕಲಿಗನೂ ತಿಳಿದುಕೊಳ್ಳುವುದು ಅವಶ್ಯ.

ಮೊದಲು ಅದರ ಕೆಲಸದ ರೀತಿ. ಗಣಕಯಂತ್ರದೊಳಗೆ ಅಕ್ಷರಗಳಿಲ್ಲ, ಇರುವುದು ಅಂಕಿಗಳು ಮಾತ್ರ. ಅವೂ ಸೊನ್ನೆ ಮತ್ತು ಒಂದು ಎಂಬ ಎರಡೇ. ವಿದ್ಯುತ್ತಿನ ಎರಡು ಸ್ಥಿತಿಗಳಿಂದ ಇವನ್ನು ತೋರಿಸಲು ಬರುತ್ತದೆ. ಇಂಗ್ಲಿಷಿನ ದೊಡ್ಡ ‘ಕೆ’ ಅಕ್ಷರಕ್ಕೆ 75 ಎಂಬ ಅಂಕಿಯನ್ನು ಗೊತ್ತುಮಾಡಿದ್ದಾರೆ; ಯಂತ್ರದೊಳಗೆ ಅದು 01001011 ಎಂದು ಕೂಡುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಅಂಕಿ ಹಂಚಿಕೊಟ್ಟ ಯುನಿಕೋಡ್ ಎಂಬ ಏರ್ಪಾಟು 1991ರಲ್ಲಿ ಹೊರಬಂದಿತು. ಅದರಲ್ಲಿ ಕನ್ನಡದ ‘ಕ’ 3221. ಮರಾಠಿಯನ್ನು ಬರೆಯುವ ದೇವನಾಗರಿಯ ‘ಕ’ 2325. ನಮ್ಮ ಕಿವಿಗೆ ಎರಡೂ ಒಂದೇ ಕಕಾರ. ಯಂತ್ರಕ್ಕೆ ಸಂಬಂಧವಿಲ್ಲದ ಎರಡು ಅಂಕಿಗಳು. ಎರಡು ಪದಗಳ ನಡುವಿನ ತೆರವಿಗೂ 32 ಎಂಬ ಅಂಕಿಯುಂಟು. ಕಣ್ಣಿಗೆ ಕಾಣದ ಒಂದು ಹೆಚ್ಚಿನ ತೆರವನ್ನೂ ಯಂತ್ರವು ಒಂದು ಅಕ್ಷರವೆಂದೇ ಎಣಿಸುತ್ತದೆ.

ಹೀಗೆ ಒಳಗೆ ಹೋದ ಅಂಕಿಗಳನ್ನು ಅದು ನೆನಪಿನ ಕೋಠಿಯಲ್ಲಿ ಇಡುತ್ತದೆ. ಮನುಷ್ಯನು ಬರೆದುಕೊಟ್ಟ ಆಜ್ಞೆಗಳಂತೆ ಒಂದೊಂದಾಗಿ ಕೂಡಿಸುತ್ತದೆ, ಕಳೆಯುತ್ತದೆ, ಹೋಲಿಸುತ್ತದೆ. ಬಂದ ಫಲವನ್ನು ಹೊರಗೆ ಕೊಡುತ್ತದೆ. ಎರಡು ಹೆಸರುಗಳನ್ನು ಹೋಲಿಸು ಎಂದರೆ ಅಂಕಿಗೆ ಅಂಕಿ ಇಟ್ಟು ನೋಡುತ್ತದೆ. ಒಂದು ತಪ್ಪಿದರೂ ‘ಕೂಡುವುದಿಲ್ಲ’ ಎನ್ನುತ್ತದೆ. ಸಾಲೆಯಲ್ಲಿ ಹುಡುಗನು ‘ಹಳ್ಳ’ ಎಂಬಲ್ಲಿ ‘ಹಲ್ಲ’ ಎಂದು ಬರೆದರೆ, ಮುಂದೆ ‘ತುಂಬಿ ಹರಿಯಿತು’ ಎಂದಿರುವುದನ್ನು ಕಂಡು ನಾನು ಅರ್ಥಮಾಡಿಕೊಂಡು ತಿದ್ದುತ್ತೇನೆ. ಹೋಲಿಸುವ ಯಂತ್ರವು ಹಾಗೆ ಮಾಡದು. ಅದಕ್ಕೆ 3251 ಬೇರೆ, 3250 ಬೇರೆ, ಅಷ್ಟೇ.

ಇದರಿಂದ ಯಂತ್ರವನ್ನೇ ಹಳಿಯುವುದು ತರವಲ್ಲ. ಅದರಿಂದಾದ ಅನುಕೂಲಗಳು ಸಣ್ಣವಲ್ಲ. ಮೊದಲು ಒಂದು ಉತಾರಕ್ಕಾಗಿ ತಲಾಠಿಯ ಬಾಗಿಲಲ್ಲಿ ದಿನಗಟ್ಟಲೆ ಕಾಯಬೇಕಾಗಿತ್ತು. ಈಗ ಡಿಜಿಟಲ್ ಸಹಿಯ ಉತಾರವನ್ನು ಅಲ್ಪ ಶುಲ್ಕ ತುಂಬಿ ಮನೆಯಿಂದಲೇ ತೆಗೆದುಕೊಳ್ಳಬಹುದು. 2019ರ ಫೆಬ್ರುವರಿಯಲ್ಲಿ ಆರಂಭವಾದ ಕಿಸಾನ್ ಸಮ್ಮಾನ ನಿಧಿಯ ವರ್ಷದ 6000 ರೂಪಾಯಿ, 2000ದಂತೆ ಮೂರು ಹಪ್ತೆಗಳಲ್ಲಿ, ನಡುವೆ ಯಾರ ಕೈಯೂ ತಾಗದೆ ನೇರವಾಗಿ ಖಾತೆಗೆ ಬೀಳುತ್ತದೆ. ದೇಶದ ಕೋಟಿಗಟ್ಟಲೆ ಒಕ್ಕಲಿಗರಿಗೆ ಒಂದೇ ದಿನ ಹಣ ಮುಟ್ಟಿಸುವುದು ಕೈಬರಹದ ವಹಿಗಳಿಂದ ಆಗುವ ಮಾತಲ್ಲ. ಯಂತ್ರಕ್ಕೆ ದಣಿವಿಲ್ಲ, ಸಾವಿರದ ಲೆಕ್ಕವನ್ನೂ ಕೋಟಿಯ ಲೆಕ್ಕವನ್ನೂ ಒಂದೇ ಎಚ್ಚರದಿಂದ ಮಾಡುತ್ತದೆ. ಒಂದೇ ಗಟ್ ನಂಬರಿಗೆ ಇಬ್ಬರು ಹಣ ಎತ್ತಿದ್ದರೆ ಕ್ಷಣದಲ್ಲಿ ಹಿಡಿದು ತೋರಿಸುತ್ತದೆ. ಮೋರೆ ನೋಡಿ ಮಣೆ ಹಾಕುವ ಗುಣ ಅದಕ್ಕಿಲ್ಲ.

ಆದರೆ ಮೋರೆ ನೋಡದ ಗುಣವೇ ಅದರ ದೋಷವೂ ಆಗಿದೆ. ಗಾಣಕ್ಕೆ ಕುಸುಬೆ ಹಾಕಿದರೆ ಕುಸುಬೆಯ ಎಣ್ಣೆ. ಕಲ್ಲು ಹಾಕಿದರೆ ಗಾಣವೇ ಮುರಿದು ನಮಗೆ ತಪ್ಪು ತಿಳಿಯುತ್ತದೆ. ಗಣಕಯಂತ್ರವು ಹಾಗೆ ಮುರಿಯುವುದಿಲ್ಲ. ತಪ್ಪು ಅಂಕಿ ಹಾಕಿದರೂ ಅಚ್ಚುಕಟ್ಟಾಗಿ ತಪ್ಪು ಉತ್ತರವನ್ನೇ ಅಚ್ಚುಮಾಡಿ ಕೊಡುತ್ತದೆ. ಲೆಕ್ಕದ ಯಂತ್ರಗಳನ್ನು ಮೊದಲು ಯೋಚಿಸಿದವರಲ್ಲೊಬ್ಬನಾದ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು 1864ರ ತನ್ನ ಆತ್ಮಕಥೆಯಲ್ಲಿ ಒಂದು ಸಂಗತಿ ಬರೆದಿದ್ದಾನೆ. ತಪ್ಪು ಅಂಕಿ ಹಾಕಿದರೆ ಸರಿ ಉತ್ತರ ಬರುವುದೇ ಎಂದು ಪಾರ್ಲಿಮೆಂಟಿನ ಸದಸ್ಯರು ಅವನನ್ನು ಕೇಳಿದ್ದರಂತೆ. ಇಂಥ ಪ್ರಶ್ನೆ ಹೇಗೆ ಹುಟ್ಟಿತೆಂಬುದೇ ಅವನಿಗೆ ಬಗೆಹರಿಯಲಿಲ್ಲ. ಬೇವು ಬಿತ್ತಿ ಮಾವು ಬೆಳೆಯಲಾದೀತೇ?

ಇನ್ನೊಂದು ತೊಡಕುಂಟು. ಹಳೆಯ ದಫ್ತರದಲ್ಲಿ ಆದ ತಪ್ಪು ಆ ಒಂದೇ ವಹಿಯಲ್ಲಿ ಬಿದ್ದಿರುತ್ತಿತ್ತು. ಈಗ ಒಂದು ಯಾದಿಯಿಂದ ಇನ್ನೊಂದು ಯಾದಿ ಹುಟ್ಟುತ್ತದೆ. ಮಹಾರಾಷ್ಟ್ರ ಸರಕಾರವು 2023ರಲ್ಲಿ ಆರಂಭಿಸಿದ ನಮೋ ಶೇತಕರಿ ಮಹಾಸನ್ಮಾನ ನಿಧಿಯು ಕಿಸಾನ್ ಸಮ್ಮಾನ ನಿಧಿಯ ಫಲಾನುಭವಿಗಳ ಯಾದಿಯನ್ನೇ ಆಧರಿಸಿತು. ಅಲ್ಲಿ ಹೆಸರು ನಿಂತರೆ ಇಲ್ಲಿಯೂ ನಿಂತಿತು. ನಮ್ಮ ಕಲ್ಲಪ್ಪನವರಿಗೆ ಒಂದು ‘ಎಲ್’ ಕಾರಣವಾಗಿ ಎರಡೂ ಕಡೆಯ ಹಣ ತಪ್ಪಿತು. ಒಂದು ಕಾಳಿನ ಕಾಡಿಗೆ ರೋಗವು ಇಡೀ ಬೀಜದ ಚೀಲಕ್ಕೆ ಹತ್ತಿದಂತೆ ಇದು.

“ಹೆಚ್ಚುಕಡಿಮೆ ಕೂಡಿದರೆ ಸಾಕು ಎಂದು ಯಂತ್ರಕ್ಕೆ ಹೇಳಬಾರದೇ?” ಎಂದು ಯಾರಾದರೂ ಕೇಳಬಹುದು. ಹೇಳಬಹುದು; ಹೋಲಿಕೆಯ ಪ್ರಮಾಣವನ್ನು ಅಳೆಯುವ ಕ್ರಮಗಳೂ ಇವೆ. ಆದರೆ ಎಷ್ಟು ಕೂಡಿದರೆ ಸಾಕು ಎಂಬ ಗೆರೆಯನ್ನು ಎಳೆಯುವವನು ಮನುಷ್ಯನೇ. ಗೆರೆ ಬಿಗಿಯಾದರೆ ಒಬ್ಬ ಕಲ್ಲಪ್ಪ ಮೂವರಾಗುತ್ತಾನೆ. ಸಡಿಲಾದರೆ ಒಂದೇ ಊರಿನ ಮೂವರು ಕಲ್ಲಪ್ಪಂದಿರು ಒಬ್ಬರಾಗುತ್ತಾರೆ. ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವ ನಮ್ಮ ಪದ್ಧತಿಯಲ್ಲಿ ಎರಡನೆಯ ಅಪಾಯವೂ ಸಣ್ಣದಲ್ಲ. ಆದುದರಿಂದ ಕೊನೆಯ ತೀರ್ಮಾನಕ್ಕೆ ಊರು ಬಲ್ಲ ಒಬ್ಬ ಮನುಷ್ಯನು ಬೇಕೇ ಬೇಕು.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. “ಕಂಪ್ಯೂಟರು ತಗೊಳ್ಳುವುದಿಲ್ಲ” ಎಂಬುದು ಉತ್ತರವಲ್ಲ. ಯಂತ್ರವು ಬೇಡವೆಂದದ್ದಕ್ಕೆ ಕಾರಣವನ್ನು ಒಕ್ಕಲಿಗನು ಓದಬಲ್ಲ ಭಾಷೆಯಲ್ಲಿ ಬರೆದು ಕೊಡಬೇಕು. ಅದನ್ನು ತಿದ್ದುವ ಅಧಿಕಾರ ಯಾರಿಗುಂಟು, ಎಷ್ಟು ದಿನಗಳಲ್ಲಿ ತಿದ್ದಬೇಕು ಎಂಬುದು ಕಚೇರಿಯ ಹಲಗೆಯ ಮೇಲಿರಬೇಕು. ಹೆಸರನ್ನು ಒಳಗೆ ಸೇರಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ, ಪರದೆಯನ್ನು ಎದುರಿಗಿರುವವನ ಕಡೆಗೆ ತಿರುಗಿಸಿ ತೋರಿಸಬೇಕು. ಮರಾಠಿಯಲ್ಲಿ ಪದದ ಕೊನೆಯ ಅಕಾರವನ್ನು ಉಚ್ಚರಿಸುವುದಿಲ್ಲ. ಆದುದರಿಂದ ಬರೆಯುವವರು ನಮ್ಮ ‘ಅಪ್ಪ’ನಿಗೆ ದೀರ್ಘ ಕೊಟ್ಟು ‘ಅಪ್ಪಾ’ ಎಂದು ಬರೆಯುತ್ತಾರೆ. ಇದು ಅವರ ದ್ವೇಷವಲ್ಲ, ಭಾಷೆಯ ಗುಣ. ಆದರೆ ಗಡಿನಾಡಿನಲ್ಲಿ ಕೆಲಸಮಾಡುವ ಕಚೇರಿಗೆ ಇದು ತಿಳಿದಿರಬೇಕಾದುದು ನ್ಯಾಯ.

ನಮ್ಮ ಕಡೆಯಿಂದ ಆಗಬೇಕಾದುದೂ ಉಂಟು. ಮನೆಯ ಪ್ರತಿಯೊಬ್ಬರ ಹೆಸರಿಗೂ ಇಂಗ್ಲಿಷಿನಲ್ಲಿ ಒಂದು, ಮರಾಠಿಯಲ್ಲಿ ಒಂದು ಬರಹವನ್ನು ನಿಶ್ಚಯಿಸಿ, ಚೀಟಿಯ ಮೇಲೆ ಬರೆದು, ಆಧಾರದ ಜೊತೆಗೆ ಇಟ್ಟುಕೊಳ್ಳಿರಿ. ಯಾವ ಅರ್ಜಿಗೂ ಆ ಚೀಟಿಯನ್ನೇ ತೋರಿಸಿರಿ. ಬಾಯಿಂದ ಹೇಳಿ ಬಿಡಬೇಡಿರಿ. ಆಧಾರ, ಪಾಸಬುಕ್ಕು, ಉತಾರ ಈ ಮೂರನ್ನು ಒಟ್ಟಿಗೆ ಹರವಿ ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡಿರಿ. ಬೆಳೆಯ ನೋಂದಣಿಯ ಮಾತೂ ಹೀಗೆಯೇ. 2021ರ ಆಗಸ್ಟ್ 15ರಿಂದ ಮಹಾರಾಷ್ಟ್ರದಲ್ಲಿ ಇ-ಪೀಕ್ ಪಾಹಣಿ ಬಂದು, ತನ್ನ ಬೆಳೆಯನ್ನು ತಾನೇ ಫೋನಿನಿಂದ ದಾಖಲಿಸುವ ಹಕ್ಕು ಒಕ್ಕಲಿಗನಿಗೆ ಸಿಕ್ಕಿತು. ಹಕ್ಕಿನ ಜೊತೆಗೆ ಹೊಣೆಯೂ ಬಂದಿತು: ತೊಗರಿಯ ಹೊಲದಲ್ಲಿ ನಿಂತು ಉದ್ದೆಂದು ಒತ್ತಿದರೆ ದಾಖಲೆಯಲ್ಲಿ ಉದ್ದೇ ಬೆಳೆಯುತ್ತದೆ.

ನಮ್ಮ ಸಾಲೆಯಲ್ಲಿ ಈಗ ಒಂದು ರೂಢಿ ಹಾಕಿದ್ದೇನೆ. ಏಳನೆಯ ಇಯತ್ತೆಯ ಮಕ್ಕಳು ಶನಿವಾರ ಮನೆಯ ಕಾಗದಗಳಲ್ಲಿನ ಹೆಸರುಗಳನ್ನು ಮೂರು ಲಿಪಿಗಳಲ್ಲಿ ನಕಲು ಮಾಡಿ ತರುತ್ತಾರೆ. ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಗೆರೆ ಎಳೆಯುತ್ತಾರೆ. ಶುದ್ಧಬರಹದ ಪಾಠವೂ ಆಯಿತು, ಮನೆಯ ಕೆಲಸವೂ ಆಯಿತು. ಮೊದಲ ಶನಿವಾರ ಬಂದ ಇಪ್ಪತ್ತೆರಡು ನಕಲುಗಳಲ್ಲಿ ಗೆರೆಯಿಲ್ಲದವು ಐದೇ.

ಕಲ್ಲಪ್ಪನವರ ಹೆಸರನ್ನು ಬ್ಯಾಂಕಿನಲ್ಲಿ ತಿದ್ದಿಸಿದೆವು. ಮುಂದಿನ ಹಪ್ತೆ ಬಂದಿತು; ತಪ್ಪಿದ ಎರಡರ ದಾರಿಯನ್ನು ಅವರು ಇನ್ನೂ ಕಾಯುತ್ತಿದ್ದಾರೆ. ಯಂತ್ರದ ಮುಂದೆ ಕುಳಿತವರು ಅವರ ಮುಖವನ್ನೊಮ್ಮೆ ನೋಡಿದ್ದರೆ, ಮೂರು ದಿನದ ದಗದವೂ ಹಪ್ತೆಗಳ ಹಣವೂ ಕೈಬಿಡುತ್ತಿರಲಿಲ್ಲ. ಯಂತ್ರಕ್ಕೆ ಲೆಕ್ಕವನ್ನು ಒಪ್ಪಿಸೋಣ. ನ್ಯಾಯವನ್ನು ಮನುಷ್ಯನ ಕೈಯಲ್ಲಿಯೇ ಇಟ್ಟುಕೊಳ್ಳೋಣ. ಬಾಂಧವರು ಈ ವಾರವೇ ತಮ್ಮ ತಮ್ಮ ಚೀಲಗಳನ್ನು ಬಿಚ್ಚಿ ನೋಡಬೇಕೆಂದು ನನ್ನ ವಿನಂತಿ.